ಆಂಬುಲೆನ್ಸಿನ ರೆಕ್ಕೆ ಬಿಚ್ಚಿಸುವ ಕುರಿತು ಬಾಹ್ಯಾಕಾಶದ ಕ್ಯಾಪ್ಟನ್ ಸಾಹೇಬರಿಗೆ

ಗೋಣಿಬೀಡು
೧೯೯೯, ಜೂನ್ ತಿಂಗಳ ಕೊನೆ

ಮಾನ್ಯರೇ,

ಶನಿಗ್ರಹದ ಬಳೆಗಳ ನಡುವೆ ನುಸುಳಿ ಹೋಗುವ, ಉಲ್ಕೆಗಳನ್ನು ಎಡಗೈಯಲ್ಲಿ ಸರಿಸುವ, ಪ್ರತಿ ಭಾನುವಾರ ಜಾಹೀರಾತು ಮುಗಿಯುವಷ್ಟರಲ್ಲಿ ಒಂದು ಗ್ರಹದಿಂದ ಇನ್ನೊಂದು ಗ್ರಹ ಮುಟ್ಟುವ, 'ಏಳನೇ ಕಕ್ಷೆ' ಧಾರಾವಾಹಿಯ ಕ್ಯಾಪ್ಟನ್ ಸಾಹೇಬರ ಸನ್ನಿಧಾನಕ್ಕೆ, ಗೋಣಿಬೀಡಿನಿಂದ ಒಳಗಡೆ ಸಣ್ಣದೊಂದು ಕಾಫಿ ತೋಟ ಇಟ್ಟುಕೊಂಡಿರುವ ಗಂಗಾಧರಪ್ಪನು ಮಂಡಿನೋವಿನ ನಡುವೆಯೂ ಬಗ್ಗಿ ಮಾಡುವ ನಮಸ್ಕಾರಗಳು. ತಾವು ಈಗ ಯಾವ ಗ್ರಹದಲ್ಲಿದ್ದರೂ ಅಲ್ಲಿ ಕಾಫಿ ಮೊಗ್ಗು ಅರಳಿಸುವ ಹೂವಿನ ಮಳೆ ಹೊತ್ತಿಗೆ ಸರಿಯಾಗಿ ಬಿದ್ದು, ಗಿಡಕ್ಕೆ ಬೋರರ್ ಹುಳ ಹತ್ತದೆ, ತಾವೂ ತಮ್ಮ ಸಿಬ್ಬಂದಿಯೂ ಸುಖವಾಗಿದ್ದೀರೆಂದು ನಂಬಿದ್ದೇನೆ.

ತಾವು ಒಂದು ಪಾತ್ರ, ನಿಜವಾಗಿ ಇಲ್ಲ ಎಂಬುದು ನನಗೆ ಗೊತ್ತಿಲ್ಲದ ವಿಷಯವೇನಲ್ಲ. ಆದರೆ ತಮ್ಮ ಚಾನೆಲ್ಲಿನವರಿಗೂ ನಿರ್ದೇಶಕರಿಗೂ ನಾನು ಬರೆದ ಅಷ್ಟೂ ಕಾಗದಗಳಿಗೆ ಉತ್ತರವಾಗಿ ಬಂದದ್ದು, ತಾವು ಬೆಳ್ಳಿ ಬಣ್ಣದ ಉಡುಪು ತೊಟ್ಟು ದೂರದ ನಕ್ಷತ್ರವನ್ನು ನೋಡುತ್ತಿರುವ, ಕೆಳಗೆ 'ಪ್ರೀತಿಯ ಅಭಿಮಾನಿಗೆ' ಎಂದು ಸಹಿ ಹಾಕಿದ ಫೋಟೋಗಳು ಮಾತ್ರ. ಇರುವವರು ಯಾರೂ ಉತ್ತರ ಕೊಡದೇ ಇರುವಾಗ ಇಲ್ಲದವರಿಗೆ ಬರೆಯುವುದೇ ವಾಸಿ ಎಂದು ಕೊನೆಗೆ ತಮಗೇ ಈ ಬಹಿರಂಗ ಪತ್ರ ಬರೆಯುತ್ತಿದ್ದೇನೆ. ಫೋಟೋಗಳನ್ನು ಜೋಪಾನವಾಗಿ ಇಟ್ಟಿದ್ದೇನೆ, ಅದರ ಬಗ್ಗೆ ತಾವು ಚಿಂತಿಸಬಾರದು.

ವಿಷಯ ಮೊದಲಿಂದ ಹೇಳುತ್ತೇನೆ. ರಸ್ತೆ ಸರಿಯಿಲ್ಲದ ಮಲೆನಾಡಿನ ಊರುಗಳಿಗೆ ಒಂದು ಆಂಬುಲೆನ್ಸ್ ಕೊಡಿಸಬೇಕೆಂಬ ಕರುಣೆ ತಮ್ಮ ಚಾನೆಲ್ಲಿಗೆ ಹುಟ್ಟಿತು. ಅದಕ್ಕಾಗಿ 'ಏಳನೇ ಕಕ್ಷೆ'ಯ ಹತ್ತು ನಿಮಿಷದ ಒಂದು ಹಾಸ್ಯದ ವಿಶೇಷ ಕಂತು ಮಾಡಿ ತೋರಿಸುವುದು, ನೋಡಿ ನಕ್ಕವರು ಸಹಾಯ ಕಳಿಸುವುದು ಎಂದು ತೀರ್ಮಾನವಾಯಿತು. ಇಷ್ಟು ಒಳ್ಳೆಯ ಯೋಚನೆ ನಮ್ಮ ಕಡೆ ಯಾರ ತಲೆಗೂ ಹೊಳೆದಿರಲಿಲ್ಲ. ನಾವು ಇಷ್ಟು ದಿನ ಆಂಬುಲೆನ್ಸ್ ಬೇಕೆಂದು ಅರ್ಜಿ ಕೊಡುತ್ತಿದ್ದೆವೇ ಹೊರತು ಯಾರನ್ನೂ ನಗಿಸಿರಲಿಲ್ಲ, ತಪ್ಪು ನಮ್ಮದೇ.

ಕಳೆದ ಜನವರಿಯಲ್ಲಿ ತಾವೆಲ್ಲ ನಮ್ಮ ಹತ್ತಿರದ ದೇವರಮನೆ ಎಂಬ ಗುಡ್ಡದ ಮೇಲೆ ನೌಕೆ ಇಳಿಸಿದಿರಿ. ಅಲ್ಲಿಯ ಗಾಳಿ ತಮಗೆ ಹೊಸದು. ಥರ್ಮಾಕೋಲಿನ ಆ ನೌಕೆ, ಧಾರಾವಾಹಿ ಶುರುವಾದಾಗಿನಿಂದ ಅದೊಂದೇ ಸಲ ಯಾರ ಸಹಾಯವೂ ಇಲ್ಲದೆ ನಿಜವಾಗಿ ಹಾರಿ ಕೆಳಗಿನ ಕಾಡಿಗೆ ಹೋಗಿ ಬಿತ್ತು. ನಿರ್ದೇಶಕರು ಹಣೆ ಹಣೆ ಬಡಿದುಕೊಂಡು ಗಾಳಿಯಿಲ್ಲದ ಜಾಗ ಹುಡುಕುತ್ತಾ ನಮ್ಮ ಮನೆಗೆ ಬಂದು, ಕಾಫಿ ಒಣಗಿಸುವ ಕಣ ಕಂಡು, ಇದೇ ನನ್ನ ಗ್ರಹ ಎಂದರು. ಕಣದ ತುಂಬ ಅರೆ ಒಣಗಿದ ಪಾರ್ಚ್‌ಮೆಂಟ್ ಕಾಫಿ ಬೀಜ ಹರಡಿತ್ತು. ಬಂದವರನ್ನು ಇಲ್ಲ ಎಂದು ಕಳಿಸುವ ಅಭ್ಯಾಸ ನಮ್ಮ ಮನೆಯಲ್ಲಿ ಇಲ್ಲ, ಅದು ನನ್ನ ಹೆಂಡತಿ ಶಿವಗಂಗಮ್ಮನಿಗೆ ಹುಟ್ಟಿನಿಂದಲೇ ಅಂಟಿದ ಕಾಯಿಲೆ. ಬಿಸಿಲು ಚೆನ್ನಾಗಿದ್ದ ದಿನ ಕಾಫಿಯನ್ನು ಗುಡ್ಡೆ ಎಳೆಸಿ, ಟಾರ್ಪಾಲ್ ಹೊದಿಸಿ, ಕಣ ಗುಡಿಸಿ ಕೊಟ್ಟು, ತಮ್ಮ ಕಡೆಯವರಿಗೆಲ್ಲ ಕಡುಬು ಬೇಯಿಸಲು ನಿಂತಳು.

ಇಡೀ ಊರಿಗೆ ಇರುವುದು ಒಂದೇ ಜೀಪು, ಪಕ್ಕದ ಎಸ್ಟೇಟಿನ ವೆಂಕಟೇಶನದು. ಅದು ಕಾಡಿಗೆ ಬಿದ್ದ ನೌಕೆಯನ್ನು ತರಲು ಹೋಗಿದ್ದಾಗ, ತಮ್ಮ ಹಸಿರು ಮುಖದ ಅನ್ಯಗ್ರಹದವರಿಗೆ ಎರಡನೇ ಸುತ್ತಿನ ಕಾಫಿ ಒಯ್ಯುತ್ತಿದ್ದ ಶಿವಗಂಗಮ್ಮ ಕಣದ ಕಟ್ಟೆಯಿಂದ ಜಾರಿ ಬಿದ್ದು ಕಾಲು ಮುರಿದುಕೊಂಡಳು. ಲೋಟಗಳು ಮಾತ್ರ ಒಡೆಯಲಿಲ್ಲ, ಸ್ಟೀಲಿನವು. ಜೀಪು ಬರುವ ತನಕ ಕಾಯುವಂತಿರಲಿಲ್ಲವಾದ್ದರಿಂದ ನಮ್ಮ ಮೇಸ್ತ್ರಿ ಗುರುವಯ್ಯ ನಮ್ಮಲ್ಲಿ ರೋಗಿಗಳನ್ನು ಒಯ್ಯುವ ಹಾಗೆ ಬೆತ್ತದ ಕುರ್ಚಿಗೆ ಎರಡು ಗಳ ಕಟ್ಟಿ ಅವಳನ್ನು ಕೂರಿಸಿದ, ನಾಲ್ಕು ಜನ ಹೆಗಲು ಕೊಟ್ಟು ಟಾರು ರಸ್ತೆಯ ಕಡೆ ಹೊರಟರು.

ಇಲ್ಲಿ ನಡೆದದ್ದನ್ನು ನಮ್ಮ ಊರಿನವರು ಮಾತ್ರ ಮಾಡಲು ಸಾಧ್ಯ, ಬೇರೆ ಯಾರಾದರೂ ಆಗಿದ್ದರೆ ಕೈಗೆ ಸಿಕ್ಕಿದ್ದರಲ್ಲಿ ಬಾರಿಸುತ್ತಿದ್ದರು. ಇಳಿಜಾರಿನಲ್ಲಿ ಹೋಗುತ್ತಿದ್ದ ಕುರ್ಚಿಯನ್ನು ನಿರ್ದೇಶಕರು ಕಂಡು, ಕಣ್ಣರಳಿಸಿ, ಕ್ಯಾಮೆರಾ ಅತ್ತ ತಿರುಗಿಸಿದರು. ಕುರ್ಚಿ ತಿರುವು ದಾಟಿದ ಮೇಲೆ, ಮೋಡ ಅಡ್ಡ ಬಂದು ಬೆಳಕು ಕೆಟ್ಟಿತು, ದಯವಿಟ್ಟು ಇನ್ನೊಂದು ಸಲ ಮೇಲಿನಿಂದ ಬರಬಹುದೇ ಎಂದು ಓಡಿಹೋಗಿ ಕೈಮುಗಿದು ಕೇಳಿಕೊಂಡರು. ಗುರುವಯ್ಯ ಅಮ್ಮನವರ ಮುಖ ನೋಡಿದ. ನೋವಿನಲ್ಲಿ ಹಲ್ಲು ಕಚ್ಚಿಕೊಂಡಿದ್ದ ನನ್ನ ಹೆಂಡತಿ, ಪಾಪ ಮಾರಾಯ, ಅಷ್ಟು ದೂರದಿಂದ ಬಂದಿದಾರೆ, ನಂದೇನು, ನಾನು ಕೂತಿದೀನಿ, ಹೊರೋರಿಗೆ ಕಷ್ಟ ಆಗದಿದ್ರೆ ಹೋಗೋಣ ಎಂದಳು. ಹೊರುವವರು, ಅಮ್ಮನೋರೇ ಒಪ್ಪಿದ ಮೇಲೆ ನಮ್ಮದೇನು ಎಂದರು. ಕುರ್ಚಿ ಮತ್ತೆ ಗುಡ್ಡ ಹತ್ತಿ ಮತ್ತೆ ಇಳಿಯಿತು. ಅಷ್ಟು ಹೊತ್ತಿಗೆ ಯಾರೋ ನನ್ನ ಕೈಗೂ ಬೆಳಕು ತಿರುಗಿಸುವ ಬೆಳ್ಳಿ ಹಾಳೆಯ ಹಲಗೆಯೊಂದನ್ನು ಕೊಟ್ಟಿದ್ದರು, ನಾನು ಅದನ್ನು ಹಿಡಿದುಕೊಂಡೇ ಪಕ್ಕದಲ್ಲಿ ಓಡಿದೆ.

ಮಾರ್ಚಿನಲ್ಲಿ ಕಂತು ಬಂತು. ಅದರ ಕಲಾಸೌಂದರ್ಯವನ್ನು ಎಷ್ಟು ಹೊಗಳಿದರೂ ಸಾಲದು. ಚಕ್ರವನ್ನೇ ಕಂಡುಹಿಡಿಯದ ಒಂದು ದಡ್ಡ ಗ್ರಹ, ಅಲ್ಲಿಯ ಮಹಾರಾಣಿಯನ್ನು ಕುರ್ಚಿಯಲ್ಲಿ ಹೊತ್ತು ತರುತ್ತಾರೆ, ತಾವು ಸೊಂಟದ ಮೇಲೆ ಕೈಯಿಟ್ಟುಕೊಂಡು, ಈ ಜನಕ್ಕೆ ಚಕ್ರ ಎಂದರೆ ಏನೆಂದು ಯಾರಾದರೂ ಹೇಳಿ ಎನ್ನುತ್ತೀರಿ, ಹಿಂದಿನಿಂದ ನಗೆಯ ಶಬ್ದ ಬರುತ್ತದೆ. ಕುರ್ಚಿ ಕುಲುಕಿದಾಗ ಶಿವಗಂಗಮ್ಮ 'ಅಯ್ಯೋ ಶಿವನೇ' ಎಂದು ನರಳಿದ್ದನ್ನು ಯಾವುದೋ ಯಂತ್ರದಲ್ಲಿ ಹಾಯಿಸಿ ಗೊಗ್ಗರು ದನಿ ಮಾಡಿ, ಕೆಳಗೆ 'ಭೂಲೋಕದ ಬಂಧುಗಳೇ, ತಮಗೆ ಸ್ವಾಗತ' ಎಂದು ಅಕ್ಷರದಲ್ಲಿ ಹಾಕಿದ್ದಿರಿ. ಅರ್ಥ ಪೂರ್ತಿ ತಪ್ಪು ಎಂದು ಹೇಳಲಾರೆ, ಅವಳು ತಮ್ಮನ್ನು ಸ್ವಾಗತಿಸಿದ್ದರಿಂದಲೇ ಅಲ್ಲವೇ ಹಾಗೆ ನರಳಿದ್ದು? ಇಡೀ ಕಾರ್ಯಕ್ರಮದಲ್ಲಿ ಆ ದೃಶ್ಯಕ್ಕೇ ಅತಿ ಹೆಚ್ಚು ಸಹಾಯ ಹರಿದುಬಂತೆಂದು ತಮ್ಮ ನಿರೂಪಕಿ ಕಣ್ಣೊರೆಸಿಕೊಳ್ಳುತ್ತಾ ಹೇಳಿದರು. ಶಿವಗಂಗಮ್ಮ ಪ್ಲಾಸ್ಟರು ಹಾಕಿದ ಕಾಲು ಮಣೆಯ ಮೇಲಿಟ್ಟುಕೊಂಡು ಇದನ್ನೆಲ್ಲ ನೋಡಿ, ಸೀರೆ ಮಾತ್ರ ಒಳ್ಳೇದು ಉಟ್ಟಿದ್ದೆ, ಸದ್ಯ, ಎಂದಳು.

ಅಷ್ಟಕ್ಕೇ ಮುಗಿದಿದ್ದರೆ ನಾನೂ ನಕ್ಕು ಸುಮ್ಮನಾಗುತ್ತಿದ್ದೆ. ಚಿಕ್ಕಮಗಳೂರಿನ ಪೇಟೆಯಲ್ಲಿ ಅಂಗಡಿ ಇಟ್ಟಿರುವ ನಮ್ಮ ಬೀಗರು ರೇವಣ್ಣನವರು ಅಕ್ಕಪಕ್ಕದವರನ್ನೆಲ್ಲ ಕರೆದು ಟೀವಿ ಹಾಕಿಕೊಂಡು ಕೂತಿದ್ದವರು, ತಮ್ಮ ಬೀಗಿತ್ತಿಯೇ ಚಕ್ರವಿಲ್ಲದ ಗ್ರಹದ ಮಹಾರಾಣಿಯಾಗಿ ಬಂದದ್ದನ್ನು ಕಂಡರು. ಅವರ ಸೊಸೆ, ನಮ್ಮ ಒಬ್ಬಳೇ ಮಗಳು ಕೃತಿಕಾ, ಆಗ ಬಸುರಿ. ನಮ್ಮಲ್ಲಿ ಮೊದಲ ಹೆರಿಗೆ ತವರಿನಲ್ಲೇ ಆಗಬೇಕು, ಬಾಣಂತನ ಹೆತ್ತ ತಾಯಿಯೇ ಮಾಡಬೇಕು, ಇದು ತಮ್ಮ ಏಳೂ ಕಕ್ಷೆಗಳಲ್ಲಿ ಇಲ್ಲದಿದ್ದರೂ ನಮ್ಮ ಕಡೆ ಇದೆ. ಸೀಮಂತ ಚೆನ್ನಾಗಿಯೇ ಆಯಿತು. ಕರೆದುಕೊಂಡು ಬರೋಣವೆಂದು ಎದ್ದಾಗ ರೇವಣ್ಣನವರು ನನ್ನನ್ನು ಪಕ್ಕಕ್ಕೆ ಕರೆದು, ನೋಡಿ ಬೀಗ್ರೇ, ಬೇಜಾರು ಮಾಡ್ಕೋಬೇಡಿ, ಮಳೆಗಾಲದಲ್ಲಿ ಹುಡುಗೀನ ಆ ಕುರ್ಚಿ ಮೇಲೆ ಹೊರಿಸೋಕೆ ನನಗೆ ಮನಸ್ಸಿಲ್ಲ, ಟೀವಿಯವ್ರು ಕೊಟ್ಟಿರೋ ಗಾಡಿ ನಿಮ್ಮ ಗೇಟಿಗೆ ಒಂದೇ ಒಂದು ಸಲ ಬರ್ಲಿ, ಮಾರನೇ ದಿನವೇ ನಾನೇ ಕರ್ಕೊಂಡು ಬಂದು ಬಿಡ್ತೀನಿ ಎಂದರು. ಅವರ ಮಾತಿನಲ್ಲಿ ತಪ್ಪು ಹುಡುಕಲು ದಾರಿಯುದ್ದಕ್ಕೂ ಪ್ರಯತ್ನಿಸಿದೆ, ಸಿಕ್ಕಲಿಲ್ಲ.

ಗಾಡಿ ಬಂದಿದೆ, ಮಾನ್ಯರೇ. ಅದಕ್ಕಾಗಿ ಊರಿನ ಪರವಾಗಿ ಧನ್ಯವಾದಗಳು. ಬೆಳ್ಳಗೆ, ದೊಡ್ಡದಾಗಿ, ಒಳಗೆ ಮಂಚ, ಆಕ್ಸಿಜನ್ ಎಲ್ಲ ಇರುವ ಆಂಬುಲೆನ್ಸ್. ಆದರೆ ಅದು ತಮ್ಮ ನೌಕೆಯ ಹಾಗೆ ಕಾಣಬೇಕೆಂದು ಎರಡೂ ಪಕ್ಕಕ್ಕೆ ತಗಡಿನ ಎರಡು ರೆಕ್ಕೆ ಬಿಗಿದಿದ್ದಾರೆ. ನಮ್ಮ ತೋಟದ ರಸ್ತೆ ಸಿಲ್ವರ್ ಓಕ್ ಮರಗಳ ನಡುವೆ ಹೋಗುತ್ತದೆ. ಡ್ರೈವರ್ ಕುಮಾರ್ ಬಹಳ ಪ್ರಯತ್ನಪಟ್ಟ. ಮೊದಲ ಎರಡು ಮರಗಳ ನಡುವೆಯೇ ಗಾಡಿ ಸಿಕ್ಕಿಹಾಕಿಕೊಂಡು, ಇಡೀ ಊರು ಸೇರಿ ಹಿಂದಕ್ಕೆ ಎಳೆಯಬೇಕಾಯಿತು. ಅಂದಿನಿಂದ ಅದು ನಮ್ಮ ದಾರಿ ಟಾರು ರಸ್ತೆಯನ್ನು ಕೂಡುವ ಕಡೆ ರೆಕ್ಕೆ ಚಾಚಿಕೊಂಡು ನಿಂತಿದೆ.

ಎರಡು ಸ್ಪ್ಯಾನರ್ ತಂದರೆ ಅರ್ಧ ಗಂಟೆಯ ಕೆಲಸ, ಅದು ನಮಗೂ ಗೊತ್ತು. ಆದರೆ ರೆಕ್ಕೆಯ ಮೇಲೆ ಸಹಾಯ ಮಾಡಿದ ಸಾಬೂನು ಕಂಪನಿಯ ಹೆಸರು ಇದೆಯಂತೆ, ಅದನ್ನು ಮುಟ್ಟಿದರೆ ಕುಮಾರನ ಕೆಲಸ ಹೋಗುತ್ತದಂತೆ. ಅವನು ಕೈಮುಗಿದು ಹೇಳಿದ, ಅವನಿಗೂ ಹೆಂಡತಿ ಮಕ್ಕಳು ಇದ್ದಾರೆ. ಅವನ ಅನ್ನ ಕಿತ್ತುಕೊಂಡು ನಮ್ಮ ಮಗಳನ್ನು ಕರೆತರುವುದು ಬೇಡವೆಂದು ಶಿವಗಂಗಮ್ಮನೇ ಸ್ಪ್ಯಾನರ್ ಹಿಡಿದು ಹೊರಟ ಗುರುವಯ್ಯನನ್ನು ತಡೆದಳು. ಇನ್ನು ಆ ಹೆಸರು ಸಂಜೆ ಹೊತ್ತು ಮಿನುಗಲೇಬೇಕೆಂದು ರೆಕ್ಕೆಯ ತುದಿಗೆ ದೀಪದ ಸರ ಬೇರೆ ಹಾಕಿದ್ದಾರೆ. ಅದು ಮಿನುಗಿ ಮಿನುಗಿ ಬ್ಯಾಟರಿ ಕೂತುಹೋಗಿ, ಗಾಡಿ ಈಗ ಸ್ಟಾರ್ಟ್ ಆಗುವುದನ್ನೇ ನಿಲ್ಲಿಸಿದೆ. ಹೊಸ ಬ್ಯಾಟರಿಗೆ ಕುಮಾರನೂ ಬರೆದಿದ್ದಾನೆ, ಅವನಿಗೂ ತಮ್ಮ ಫೋಟೋ ಬಂದಿದೆ.

ನಮ್ಮ ಮನೆಯ ಸ್ಥಿತಿ ಹೇಗಿದೆ ಎಂದು ತಾವು ಒಮ್ಮೆ ಬಂದು ನೋಡಬೇಕು. ನಡುಮನೆಯ ಪಕ್ಕದ ಕೋಣೆಗೆ ಸುಣ್ಣ ಬಳಿಸಿ ಆಗಿದೆ. ಶಿವಗಂಗಮ್ಮ ಅಟ್ಟದಿಂದ ಕೃತಿಕಾಳದೇ ತೊಟ್ಟಿಲು ಇಳಿಸಿ, ಒರೆಸಿ, ಹಗ್ಗ ಬದಲಾಯಿಸಿದ್ದಾಳೆ. ಮಳೆಗೆ ಮೊದಲೇ ಬಚ್ಚಲೊಲೆಗೆ ಒಣಸೌದೆ ಒಟ್ಟಿದ್ದಾಳೆ. ಹಳೆಯ ಹತ್ತಿ ಸೀರೆಗಳನ್ನೆಲ್ಲ ಹರಿದು ಮೆತ್ತಗೆ ಒಗೆದು ಮಡಿಸಿಟ್ಟಿದ್ದಾಳೆ. ಮೂಳೆ ಕೂಡಿಕೊಂಡರೂ ಸೊಟ್ಟಗೆ ಕೂಡಿದ ಕಾಲನ್ನು ಎಳೆಯುತ್ತಾ ಒಲೆಯ ಮುಂದೆ ನಿಂತು ಬಾಣಂತಿ ಲೇಹ್ಯ ಕಾಸಿ ಭರಣಿ ತುಂಬಿದ್ದಾಳೆ. ಗಾಡಿ ಏನಾಯ್ತು ಅಂತ ಅವಳು ನನ್ನನ್ನು ಕೇಳುವುದನ್ನು ಬಿಟ್ಟಿದ್ದಾಳೆ. ಕೇಳಿದರೇ ಚೆನ್ನಾಗಿತ್ತು, ಈಗ ನನಗೆ ಅವಳ ಮುಖ ನೋಡಲು ಆಗುವುದಿಲ್ಲ, ಮತ್ತು ತಮ್ಮ ಮೇಲೆ ನನಗೆ ಬಹಳ ಸಿಟ್ಟಿದೆ. ಈ ಒಂದು ಸಾಲನ್ನು ತಾವು ಗೌರವಪೂರ್ವಕ ಎಂದೇ ಓದಿಕೊಳ್ಳಬೇಕು.

ಆದ್ದರಿಂದ ತಮ್ಮಲ್ಲಿ ನನ್ನ ವಿನಂತಿ ಸಣ್ಣದು, ಆ ರೆಕ್ಕೆಗಳನ್ನು ಬಿಚ್ಚಿಸಿಕೊಡಿ. ಸಾಬೂನಿನ ಕೀರ್ತಿಗೆ ಅದರಿಂದ ಧಕ್ಕೆಯಾಗುವುದಾದರೆ ನಮ್ಮ ಹಸುಗಳ ಬೆನ್ನ ಮೇಲೆ ಆ ಹೆಸರು ಬರೆಸಲು ಸಿದ್ಧ, ಅವಾದರೂ ಓಡಾಡುತ್ತವೆ. ಅದು ಆಗದಿದ್ದರೆ, ರೆಕ್ಕೆ ಇರುವುದು ಹಾರುವುದಕ್ಕೆ ಎಂಬ ನಂಬಿಕೆಯಿಂದ ಕೇಳುತ್ತಿದ್ದೇನೆ, ಗಾಡಿಯನ್ನು ಮರಗಳ ಮೇಲಿಂದ ಹಾರಿಸಿ ನಮ್ಮ ಕಣದಲ್ಲಿ ಇಳಿಸಿಬಿಡಿ, ಜಾಗ ತಮಗೆ ಪರಿಚಯದ್ದೇ. ಅದೂ ಕಷ್ಟವೆನ್ನುವುದಾದರೆ ಆಷಾಢದ ಮಳೆಯನ್ನು ಸ್ವಲ್ಪ ದಿನ ಶುಕ್ರಗ್ರಹಕ್ಕೆ ತಿರುಗಿಸಿ, ಇಲ್ಲವೇ ತಾವು ಗುಂಡಿ ಒತ್ತಿ ಕಾಲವನ್ನು ನಿಲ್ಲಿಸುತ್ತೀರಲ್ಲ, ಅದನ್ನು ಒತ್ತಿ ಹೆರಿಗೆಯನ್ನು ಜಾಹೀರಾತಿನ ಆಚೆಗೆ ಮುಂದೂಡಿಸಿ. ಇದಾವುದೂ ಸಾಧ್ಯವಿಲ್ಲವೆಂದಾದರೆ, ಬ್ರಹ್ಮಾಂಡವನ್ನು ಪ್ರತಿ ವಾರ ಕಾಪಾಡುವ ತಾವು ಎರಡು ನಟ್ಟು ಬಿಚ್ಚಲಾರಿರಿ ಎಂದು ಒಂದು ಸಾಲು ಬರೆದು ತಿಳಿಸಿದರೂ ಸಾಕು, ರೇವಣ್ಣನವರಿಗೆ ತೋರಿಸುತ್ತೇನೆ. ದಯವಿಟ್ಟು ಫೋಟೋ ಕಳಿಸಬೇಡಿ, ಗೋಡೆಯಲ್ಲಿ ಜಾಗ ಮುಗಿದಿದೆ.

ಇಷ್ಟಾದ ಮೇಲೂ ತಮ್ಮ ವಿಶ್ವಾಸಿಯೇ ಆಗಿ ಉಳಿದಿರುವ, ಚಕ್ರವೆಂದರೆ ಏನೆಂದು ಚೆನ್ನಾಗಿ ಬಲ್ಲ,
ಗಂಗಾಧರಪ್ಪ

ತಾ.ಕ.: ಪತ್ರ ಅಚ್ಚಿಗೆ ಹೋಗುವ ಮೊದಲು ಇದನ್ನು ಸೇರಿಸಬೇಕಾಗಿ ಬಂತು. ನಿನ್ನೆ ಬೆಳಿಗ್ಗೆ ಚಿಕ್ಕಮಗಳೂರಿನ ಆಸ್ಪತ್ರೆಯಲ್ಲಿ ಕೃತಿಕಾಳಿಗೆ ಹೆಣ್ಣು ಮಗುವಾಯಿತು, ದಿನಕ್ಕೆ ಮುಂಚೆಯೇ. ಇಬ್ಬರೂ ಆರೋಗ್ಯ. ಮಗಳು ತವರಿಗೆ ಬಾರದಿದ್ದರೆ ತವರೇ ಅಲ್ಲಿಗೆ ಹೋಗುತ್ತದೆ ಎಂದು ಶಿವಗಂಗಮ್ಮ ಬೀಗರ ಮನೆಯಲ್ಲೇ ಬಾಣಂತನ ಮಾಡಲು ಹೊರಟುಬಿಟ್ಟಳು. ಹೆಣ್ಣು ಕೊಟ್ಟ ಮನೆಯಲ್ಲಿ ಹೋಗಿ ತಿಂಗಳುಗಟ್ಟಲೆ ಕೂರುವುದು ಅವಳಿಗೆ ಎಷ್ಟು ಸಂಕೋಚದ ಕೆಲಸವೆಂದು ತಮಗೆ ತಿಳಿಯುವುದಿಲ್ಲ, ಬಿಡಿ. ಕೆಸರಿಗೆ ವೆಂಕಟೇಶನ ಜೀಪು ಮೇಲೆ ಹತ್ತಲಿಲ್ಲವಾಗಿ ಗುರುವಯ್ಯನ ಕಡೆಯವರೇ ಅವಳನ್ನೂ ಲೇಹ್ಯದ ಭರಣಿಯನ್ನೂ ಅದೇ ಕುರ್ಚಿಯಲ್ಲಿ ಹೊತ್ತು ಟಾರು ರಸ್ತೆಗೆ ತಂದರು. ಅಷ್ಟರಲ್ಲಿ ಮಳೆ ಹಿಡಿಯಿತು, ಅಲ್ಲಿ ತಂಗುದಾಣವಿಲ್ಲ. ಬಸ್ಸು ಬರುವ ತನಕ ಅವಳೂ, ಹೊತ್ತವರೂ, ನಾನೂ, ಕುಮಾರನೂ ತಮ್ಮ ಆಂಬುಲೆನ್ಸಿನ ರೆಕ್ಕೆಯ ಕೆಳಗೆ ಒತ್ತೊತ್ತಾಗಿ ನಿಂತುಕೊಂಡೆವು, ಭರಣಿಗೆ ಒಂದು ಹನಿಯೂ ಬೀಳಲಿಲ್ಲ. ಆದ್ದರಿಂದ ಮೇಲಿನ ವಿನಂತಿಯನ್ನು ವಾಪಸು ಪಡೆದಿದ್ದೇನೆ. ರೆಕ್ಕೆ ಬಿಚ್ಚಿಸಬೇಡಿ, ಆ ಗಾಡಿಯಲ್ಲಿ ಕೆಲಸಕ್ಕೆ ಬರುವುದು ಅದೊಂದೇ.