ಸಾವಿರದೊಂಬೈನೂರ ಮೂರರ ಬಸ್ ಪಾಸು

ನಾನು ಚಾಮರಾಜನಗರದ ಒಂದು ಬಸ್ ಕಂಪ್ನಿಲಿ ಟೈಮ್ ಕೀಪರ್ ಆಗಿದ್ದೋನು. ಟೈಮ್‌ಗೆ ನನ್ ಕಂಡ್ರೆ ಅದೇನ್ ಸಲಿಗೆಯೋ, ಸುಮ್ನೆ ಕೂತಿದ್ರೂ ಬಂದು ಕಿಚಾಯಿಸ್ತದೆ.

1. ಎಮ್ಮೆ ಬಸ್

ಬೆಳಿಗ್ಗೆ ಏಳ್ಗಂಟೆಗೊಂದು ಸಣ್ಣ ಬಸ್ ಇತ್ತು. ಜನ ಜಾಸ್ತಿ ಆದ್ರು ಅಂತ ಸಾಹುಕಾರ್ರು ಅದ ನಿಲ್ಲುಸ್ಬುಟ್ಟು ಏಳೂವರೆಗೆ ದೊಡ್ಡ ಬಸ್ ಬುಟ್ರು. ನಾಕನೇ ದಿನ ಹರದನಹಳ್ಳಿಯಿಂದ ಒಂದು ಅಜ್ಜಿ ಬಂತು.

"ಏಳ್ಗಂಟೆ ಬಸ್ ಹಾರನ್ ಕೇಳ್ದೆ ನಮ್ಮೆಮ್ಮೆ ಹಾಲ್ ಕೊಡಲ್ಲ ಕಣಪ್ಪ."

"ಏಳೂವರೆಗೆ ಹೊಡಸ್ತೀನಿ ಬುಡಜ್ಜಿ."

"ಅದ ನೀನೇ ಬಂದು ಎಮ್ಮೆಗೇಳು."

ಓಗಿ ಹೇಳ್ದೆ. ಎಮ್ಮೆ ಒಪ್ಪಲಿಲ್ಲ. ಕೊನೆಗೆ ಸಾಹುಕಾರ್ರು ದೊಡ್ಡ ಬಸ್‌ಗೆ ಬೇರೆ ಬೋರ್ಡ್ ಹಾಕ್ಸಿ, ಸಣ್ಣದ್ನೂ ಬುಟ್ರು. ಮಂಜೊಳಗೆ ತೇಲ್ಕೊಂಡು ಓಗೋದು, ಸೀಟೆಲ್ಲ ಖಾಲಿ, ಎಮ್ಮೆಗೋಸ್ಕರ ಹಾರನ್ ಹೊಡ್ಕೊಂಡು.

2. ಪಾಸು

ತೊಂಬತ್ತೆಂಟನೇ ಇಸ್ವೀಲಿ ರಿಟೈರ್ ಆದೆ. "ನೀನು ನೂರು ವರ್ಷ ಬದ್ಕೋ ಆಸಾಮಿ" ಅಂತ ಸಾಹುಕಾರ್ರು ಎರಡ್ ಸಾವ್ರದ ನಲವತ್ತರ ಗಂಟ ಫ್ರೀ ಪಾಸ್ ಕೊಡುಸುದ್ರು, ಹೊಸಾ ಕಂಪ್ಯೂಟರಲ್ಲಿ. ಗುಂಡ್ಲುಪೇಟೇಲಿ ಮೊಮ್ಮಗಳು ಪ್ರತಿ ಭಾನ್ವಾರ ಬಾಗಿಲಲ್ಲೇ ಕೂತು ಕಾಯೋಳು. ಆ ಪಾಸೇ ನನ್ ಜೀವ.

ಒಂದ್ ಭಾನ್ವಾರ ಅರ್ಧ ದಾರೀಲಿ ಕಂಡಕ್ಟರು ಪಾಸ್ ನೋಡ್ದ. "ತಾತ, ಇದು ಸಾವಿರದೊಂಬೈನೂರ ಮೂರರಲ್ಲೇ ಮುಗ್ದೋಗದೆ."

"ನಾನು ಹುಟ್ಟಿದ್ದೇ ನಲವತ್ತರಲ್ಲಿ ಕಣ್ಲಾ."

"ಹುಟ್ಟೋಕ್ ಮುಂಚೆ ರಿನ್ಯೂ ಮಾಡುಸ್ಬೇಕಿತ್ತು. ಟಿಕೆಟ್ ತಕೋ, ಇಲ್ಲ ಇಳಿ."

ಟೈಮ್ ಕೀಪರು ಟಿಕೆಟ್ ತಕೊಳ್ಳದಾ? ಇಳ್ದೆ. ಹುಣಸೆ ಮರದ ನೆಳ್ಳಲ್ಲಿ ಕೂತೆ. ಕಣ್ ಮುಚ್ಚಿ ಬುಡೋದ್ರಲ್ಲಿ ರಸ್ತೆ ಟಾರೆಲ್ಲ ಕರಗಿ ಮಣ್ಣಾಯ್ತು. ದೂರದಲ್ಲಿ ಎತ್ತಿನ ಗೆಜ್ಜೆ. ಗಾಡಿಯೋನು ನಿಲ್ಲಿಸಿ "ಪಾಸ್ ಅದಾ?" ಅಂದ. ಕೊಟ್ಟೆ. ತಿರುಗ್ಸಿ ಮುರುಗ್ಸಿ ನೋಡ್ದ.

"ಇನ್ನೂ ಮೂರ್ ತಿಂಗ್ಳದೆ. ಹತ್ತು ಮಗ."

ಸುಳ್ಳು ಅಂತೀರಾ? ಗುಂಡ್ಲುಪೇಟೇಲಿ ಮೊಮ್ಮಗಳು ನನ್ ಶರ್ಟಿಂದ ಹುಲ್ಲು ಕಿತ್ತಾಕುದ್ಲು, ಕೇಳಿ.

3. ಡಬ್ಬಿ

ಪಾಸ್ ಸರಿ ಮಾಡಕ್ಕೆ ಮೈಸೂರಿಂದ ಕಂಪ್ಯೂಟರ್ ಹುಡ್ಗಿ ಬಂದ್ಲು.

"ಕಂಪ್ಯೂಟರು ಎಪ್ಪತ್ತನೇ ಇಸವಿಯಿಂದ ಸೆಕೆಂಡ್ ಎಣಿಸ್ತದೆ ತಾತ. ಎಣಿಸಿಡೋ ಡಬ್ಬಿ ಸಣ್ಣದು. ಎರಡು ಸಾವಿರದ ಮೂವತ್ತೆಂಟಕ್ಕೆ ತುಂಬೋಗಿ ಹಿಂದಕ್ಕೆ ಉರುಳಿ ಸಾವಿರದೊಂಬೈನೂರ ಒಂದಕ್ಕೆ ಬೀಳ್ತದೆ."

"ದೊಡ್ಡ ಡಬ್ಬಿ ಇಡಮ್ಮಿ."

"ಸಿ ಲೈಬ್ರರಿ ಅಂತಿದೆ, ಎಲ್ಲ ಪ್ರೋಗ್ರಾಮೂ ಟೈಮ್ ಕೇಳೋದು ಅದನ್ನೇ. ಡಬ್ಬಿ ಬದಲಾಯಿಸಿದ್ರೆ ಹಳೇವೆಲ್ಲ ಕೆಲಸ ನಿಲ್ಲಿಸಿಬಿಡ್ತವೆ."

"ನಮ್ಮೆಮ್ಮೆ ತರ" ಅಂದು ಕತೆ ಹೇಳ್ದೆ. "ಹಳೇ ಹೆಸ್ರಲ್ಲಿ ಸಣ್ಣದು ಅಂಗೇ ಇರ್ಲಿ. ದೊಡ್ಡದ್ಕ ಬೇರೆ ಬೋರ್ಡ್ ಹಾಕು."

ಹುಡ್ಗಿ ಪೆನ್ ಕಚ್ಚೋದ ನಿಲ್ಲಿಸ್ಬುಟ್ಲು. ಮೂರ್ ದಿನ ಕೂತು ಅಂಗೇ ಮಾಡುದ್ಲು. ಈಗ ಪ್ರಪಂಚದಲ್ಲೆಲ್ಲ ಇದೇ ಉಪಾಯವಂತೆ. ಎಮ್ಮೆ ಹೆಸ್ರು ಮಾತ್ರ ಯಾರೂ ಎತ್ತಲ್ಲ.

ಹೊಸ ಪಾಸಲ್ಲಿ ಎರಡ್ ಸಾವ್ರದ ನಲವತ್ತು ಸರಿಯಾಗಿ ಬಂತು. ಮೊಮ್ಮಗಳ ಭಾನ್ವಾರ ಉಳೀತು.

"ಹಳೇದು ಕೊಡಿ ತಾತ, ಹರಿದು ಹಾಕ್ತೀನಿ" ಅಂದ್ಲು.

ಜೇಬ ಗಟ್ಟಿಯಾಗಿ ಹಿಡ್ಕಂಡೆ.

"ಬ್ಯಾಡ ಕಣಮ್ಮಿ. ಬಸ್ ತಪ್ಪೋದ್ರೆ ಗಾಡಿಗೆ ಬೇಕು."