ಒಂದು ಹನಿಯೂ ಸೋರದ ದೋಣಿ

ಭಾನುವಾರ ಬೆಳಿಗ್ಗೆ ಏಳು ಗಂಟೆಗೆ ಓಣಿಯ ದಾದೇಸಾಬ ಬಂದು ಮನೆ ಮುಂದಿನ ದೋಣಿಯ ಹೊಟ್ಟೆಯನ್ನು ಬೆರಳ ಗೆಣ್ಣಿನಿಂದ ಎರಡು ಸಲ ಕುಟ್ಟಿ, “ಸೆಕೆಂಡ್ ಹ್ಯಾಂಡ್ ಮಾಲು. ಸೋರಂಗಿಲ್ಲ ಅಂತ ಏನ ಗ್ಯಾರಂಟಿ?” ಎಂದು ಕೇಳದೆ ಹೋಗಿದ್ದರೆ ಹಫೀಜನ ಆ ದಿನ ನೆಟ್ಟಗೆ ಕಳೆಯುತ್ತಿತ್ತು. ಕೇಳಿದ್ದನ್ನಾದರೂ ಮೆಲ್ಲಗೆ ಕೇಳಬಹುದಿತ್ತು. ಆದರೆ ದಾದೇಸಾಬ ಮೂವತ್ತು ವರ್ಷ ಕಾಲುವೆಯ ಗೇಟು ಎತ್ತಿ ಇಳಿಸಿ ರಿಟೈರಾದ ಮನುಷ್ಯ. ನೀರಿನ ಸದ್ದನ್ನು ಮೀರಿಸಿ ಕೂಗಿ ಕೂಗಿ ಅವನ ಪಿಸುಮಾತೂ ಓಣಿಯ ಆ ತುದಿಗೆ ಕೇಳುತ್ತಿತ್ತು. ಒಳಗೆ ರೊಟ್ಟಿ ಬಡಿಯುತ್ತಿದ್ದ ಹೆಂಡತಿ ನಿಶಾತಳ ಕೈ ನಿಂತಿತು.

ಹಫೀಜನ ಸಿಟ್ಟು ನೆತ್ತಿಗೇರಲು ಶುರುವಾದದ್ದು ಅಲ್ಲಿಂದಲೇ.

ಸಿಂಧನೂರಿನ ಬಜಾರದಲ್ಲಿ ಮಿಕ್ಸಿ, ಫ್ಯಾನು ರಿಪೇರಿ ಮಾಡುವ ಹಫೀಜ್ ಈ ದೋಣಿಯನ್ನು ಶೋಕಿಗೆ ಕೊಂಡವನಲ್ಲ. ಎರಡು ವರ್ಷದ ಹಿಂದೆ ಮಕ್ಕಳಿಬ್ಬರನ್ನೂ ಟ್ರ್ಯಾಕ್ಟರ್ ಟ್ಯೂಬಿನ ಮೇಲೆ ಕೂರಿಸಿಕೊಂಡು ಕಾಲುವೆಗೆ ಇಳಿದಿದ್ದ. ದಂಡೆ ಬಿಟ್ಟು ನಾಲ್ಕು ಮಾರು ಹೋಗುವುದರೊಳಗೆ ಟ್ಯೂಬು ಪುಸ್ಸೆಂದಿತು. ಮಗ ಆಸೀಮನನ್ನು ಅಂಗಿಯ ಕಾಲರು ಹಿಡಿದು ಎಳೆದು ದಂಡೆಗೆ ಹಾಕಿದ. ಹುಡುಗನ ಚಪ್ಪಲಿಗಳು ಮಾತ್ರ ಕಾಲುವೆಯ ಜೊತೆಗೇ ಮುಂದಿನ ಊರಿಗೆ ಹೋದವು. ಅಂದಿನಿಂದ ನಿಶಾತ್ ಮಕ್ಕಳನ್ನು ಅವನ ಜೊತೆ ತುಂಬಿದ ಬಕೆಟ್ಟಿನ ಹತ್ತಿರವೂ ಬಿಡುತ್ತಿರಲಿಲ್ಲ.

ಆದರೆ ಎಂಟು ವರ್ಷದ ಮಗಳು ಫಿರ್ದೋಸ್ ಕೇಳುವುದನ್ನು ಬಿಡಲಿಲ್ಲ. ನೀರಿನ ಮೇಲೆ ಹೋಗೋಣ ಅಬ್ಬಾ, ಎಲ್ಲರೂ ಹೋಗೋಣ ಅಬ್ಬಾ. ರಂಜಾನ್ ಆಗಲಿ ಎಂದ ಹಫೀಜ್. ಪರೀಕ್ಷೆ ಆಗಲಿ ಎಂದ. ಕೊನೆಗೊಂದು ದಿನ ಮಗಳು ತಮ್ಮನಿಗೆ ಸಮಾಧಾನ ಹೇಳುತ್ತಿದ್ದುದು ಕಿವಿಗೆ ಬಿತ್ತು: “ಅಳಬ್ಯಾಡೋ ಆಸೀಮ್. ಅಬ್ಬಾ ಬರೇ ಹೇಳ್ತಾರ. ಆಗೂದಿಲ್ಲ.”

ಆ ಮಾತು ಹಫೀಜನ ಎದೆಗೆ ನಾಟಿತು. ಮಸ್ಕಿ ಕಡೆ ಕೆರೆಯೊಂದರಲ್ಲಿ ಬೋಟಿಂಗ್ ನಡೆಸಿ, ಮಂದಿ ಬಾರದೆ ಮುಚ್ಚಿದ ಗಾಳೆಪ್ಪ ಎಂಬವನನ್ನು ಹುಡುಕಿಕೊಂಡು ಹೋದ. ನಾಲ್ಕು ಮಂದಿ ಕೂಡುವ ಫೈಬರ್ ದೋಣಿ, ಎರಡು ಹುಟ್ಟು, ಮಕ್ಕಳಿಗೆ ಎರಡು ಕಿತ್ತಳೆ ಬಣ್ಣದ ಲೈಫ್ ಜಾಕೆಟ್ ತಂದ. ತುರ್ವಿಹಾಳದಲ್ಲಿ ಗೆಳೆಯ ಕರಿಬಸಪ್ಪನ ಹೊಲದಲ್ಲಿ ಕಾಲುವೆಯ ನೀರು ತುಂಬಿಸಿಟ್ಟ ಸ್ವಂತ ಕೆರೆಯಿತ್ತು, ಸೊಂಟದ ಮಟ್ಟದ್ದು. ಇದಕ್ಕಿಂತ ಸುರಕ್ಷಿತವಾದ ನೀರು ಎಲ್ಲಿ ಸಿಗಬೇಕು? ಆದರೆ ಕರಿಬಸಪ್ಪ ಖಡಾಖಂಡಿತವಾಗಿ ಹೇಳಿದ್ದ: “ಸ್ವಾಮಾರ ನಸುಕಿನ್ಯಾಗ ಭತ್ತದ ನಾಟಿಗೆ ನೀರು ಬಿಡ್ತೀನಿ. ಐತ್ವಾರ ಬಂದ್ರ ನೀರು, ಸ್ವಾಮಾರ ಬಂದ್ರ ಕೆಸರು.”

ನಿಶಾತ್ ಹಾಕಿದ ಷರತ್ತು ಇನ್ನೂ ಚಿಕ್ಕದು. “ಒಂದ ಹನಿ ಸೋರಿದ್ರೂ ನನ್ನ ಮಕ್ಕಳು ಅದರಾಗ ಕಾಲಿಡಂಗಿಲ್ಲ.”

ಇಷ್ಟೆಲ್ಲ ಹೊಂದಿಸಿಕೊಂಡು ಕುಳಿತಿರುವಾಗ ಈ ದಾದೇಸಾಬ ಬಂದು ಕುಟ್ಟಬೇಕೆ?

“ಚಾಚಾ, ದೋಣಿ ಸೋರ್ತೈತೋ ಇಲ್ಲೋ ನೀರಿಗಿಳಿಸಿ ನೋಡ್ತಾರ. ಅದಕ್ಕ ಕೆರಿ ಬೇಕು” ಎಂದ ಹಫೀಜ್, ಹಲ್ಲು ಕಚ್ಚಿ.

“ಮಕ್ಕಳನ್ನ ಕೂಡ್ರಿಸಿದ ಮ್ಯಾಲೆ ಗೊತ್ತಾದ್ರ ಏನ ಮಾಡ್ತೀ? ಒಳಗ ನೀರು ತುಂಬಸು. ಒಳಗಿನ ನೀರು ಹೊರಗ ಬರಲಿಲ್ಲ ಅಂದ್ರ ಹೊರಗಿಂದು ಒಳಗ ಹೆಂಗ ಬರ್ತೈತಿ? ತೊಟ್ಟಿ ಕಟ್ಟಿದ ಗೌಂಡಿ ಇನ್ನೇನ ಮಾಡ್ತಾನ?”

ಈ ಮಾತಿನಲ್ಲಿ ಎಲ್ಲೋ ಒಂದು ಮೋಸವಿದೆ ಎಂದು ಹಫೀಜನಿಗೆ ಅನ್ನಿಸಿತು. ಎಲ್ಲಿದೆ ಎಂದು ತಿಳಿಯಲಿಲ್ಲ. ತಿಳಿಯದ್ದಕ್ಕೆ ಸಿಟ್ಟು ಇನ್ನೊಂದು ಗೇಣು ಏರಿತು. ಅಷ್ಟರಲ್ಲಿ ಒಳಗಿನಿಂದ ತೀರ್ಪು ಬಂತು: “ಚಾಚಾ ಹೇಳೂದು ಬರೋಬರಿ ಐತಿ. ತುಂಬಸ್ರಿ.”

ನಳಕ್ಕೆ ನೀರು ಬರುವುದು ಎಂಟು ದಿನಕ್ಕೊಮ್ಮೆ. ಹಫೀಜನ ದುರದೃಷ್ಟಕ್ಕೆ ಅದು ಅವತ್ತೇ ಬಂತು. ಮನೆಯ ಡ್ರಮ್ಮುಗಳು ತುಂಬಿದ ಮೇಲೆ ಪೈಪು ದೋಣಿಗೆ ಬಿತ್ತು. ಎರಡು ಹಳೆಯ ಟೈರುಗಳ ಮೇಲೆ ಕುಳಿತಿದ್ದ ದೋಣಿ ಒಂಬತ್ತೂವರೆಗೆ ಅಂಚಿನವರೆಗೆ ತುಂಬಿತು. ದಾದೇಸಾಬ ನಿನ್ನೆಯ ಪೇಪರನ್ನು ಅದರ ಕೆಳಗೆ ಹಾಸಿ, ಅರ್ಧ ತಾಸು ಬಿಟ್ಟು ಎಳೆದು, ಎಲ್ಲರ ಮುಂದೆ ಸರಸರ ಅಲ್ಲಾಡಿಸಿದ. ಒಣ ಪೇಪರು.

“ಪಾಸ್!” ಎಂದು ಕೂಗಿದ.

ನಸುಕಿನಿಂದಲೇ ಜಾಕೆಟ್ ತೊಟ್ಟು, ಅದರಲ್ಲೇ ರೊಟ್ಟಿ ತಿಂದು, ಅದರಲ್ಲೇ ಪಾಯಖಾನೆಗೂ ಹೋಗಿ ಬಂದಿದ್ದ ಮಕ್ಕಳು ಕುಣಿದಾಡಿದರು. ನಿಶಾತ್ ಕೂಡ ನಕ್ಕಳು. ಹಫೀಜ್ ತೋಳೇರಿಸಿ, ದೋಣಿಯನ್ನು ಒಂದು ಕಡೆಗೆ ವಾಲಿಸಲು ಕೈ ಹಚ್ಚಿದ. ದೋಣಿ ಮಲಗಿದ ಎಮ್ಮೆಯಂತೆ ಅಲ್ಲಾಡಲಿಲ್ಲ. ಅಲ್ಲಾಡಿದ್ದು ಎದುರು ಮನೆಯ ಮುದುಕಮ್ಮ.

“ಏ ಹಫೀಜಾ! ಎಂಟ ದಿನಕ್ಕೊಮ್ಮೆ ಬರೂ ನೀರು ಗಟಾರಕ್ಕ ಚೆಲ್ತೀಯೇನೋ? ಕೈ ಹೆಂಗ ಬರ್ತೈತೋ ನಿನಗ?”

“ಯವ್ವಾ, ನನ್ನ ನೀರು, ನನ್ನ ದೋಣಿ—”

ಮಾತು ಮುಗಿಯುವ ಮೊದಲೇ ನೀರು ಬಿಡುವ ವಾಲ್ವ್‌ಮನ್ ವಿರೇಶ ಬೈಕಿನ ಮೇಲೆ ಬಂದು ಸುದ್ದಿ ಹೇಳಿದ. ಪಂಪಿನ ಮೋಟಾರು ಸುಟ್ಟಿತ್ತು. ಓಣಿಯ ಕೆಳಗಿನ ಅರ್ಧಕ್ಕೆ ನೀರು ಮುಟ್ಟಿರಲಿಲ್ಲ, ಸದ್ಯ ಮುಟ್ಟುವುದೂ ಇಲ್ಲ. ಕ್ಷಣದಲ್ಲಿ ಕೊಡಗಳು ಹೊರಬಂದವು. ದಾದೇಸಾಬ ಯಾರ ಅಪ್ಪಣೆಯನ್ನೂ ಕೇಳದೆ ಒಂದು ಹುಟ್ಟನ್ನು ಕೈಗೆತ್ತಿಕೊಂಡು, ಪಾಳಿ ತಪ್ಪಿದವರಿಗೆ ಅಡ್ಡ ಹಿಡಿಯತೊಡಗಿದ.

ಹೋಗಲಿ, ಖಾಲಿಯಾದರೂ ಆಗುತ್ತದೆ ಎಂದು ಹಫೀಜ್ ಸಿಟ್ಟನ್ನು ನುಂಗಿದ. ಹತ್ತೂವರೆಗೆ ಗೂಡ್ಸ್ ಗಾಡಿಯ ಮಾಳಿಂಗಪ್ಪ ಬಂದು, ಹಾರ್ನ್ ಬಾರಿಸಿ, ತುಂಬಿದ ದೋಣಿಯನ್ನು ನೋಡಿ, “ಭಾಯಿ, ನಾ ದೋಣಿ ಒಯ್ಯಾಕ ಬಂದೀನಿ, ಕೆರಿ ಒಯ್ಯಾಕಲ್ಲ” ಎಂದು ಗಾಡಿ ತಿರುಗಿಸಿದ. ಒಂದು ಗಂಟೆಗೆ ತಳದಲ್ಲಿ ನಾಲ್ಕು ಬೆರಳು ನೀರು ಉಳಿದಿತ್ತು. ಹಫೀಜ್ ಎರಡು ತುತ್ತು ಉಣ್ಣಲು ಒಳಗೆ ಹೋದ. ಎರಡೇ ತುತ್ತು. ಹೊರಗೆ ಬಂದಾಗ ಟ್ಯಾಂಕರೊಂದು ತನ್ನ ದಪ್ಪ ಪೈಪು ಸುತ್ತಿಕೊಳ್ಳುತ್ತಿತ್ತು. ದೋಣಿ ಮತ್ತೆ ಅಂಚಿನವರೆಗೆ ತುಂಬಿತ್ತು.

“ಯಾವನಲೇ ತುಂಬಿಸಿದವ?”

“ನಾನರೀ” ಎಂದ ವಿರೇಶ ತಣ್ಣಗೆ. “ಮೂಲ್ಯಾಗಿನ ಟ್ಯಾಂಕು ಒಡದು ಎರಡು ತಿಂಗಳಾತು. ಟ್ಯಾಂಕರಿನವ ನಿಲ್ಲಂಗಿಲ್ಲ ಅಂದ. ಸೋರಲಾರದ್ದು ಓಣ್ಯಾಗ ಇದೊಂದ ಐತಿ ನೋಡ್ರಿ.”

ಹಫೀಜನ ಕಿವಿಗಳು ಕೆಂಪಾದವು. ಅಷ್ಟರಲ್ಲಿ ದೋಣಿಯ ಹತ್ತಿರ ಜಗಳ ಹತ್ತಿಕೊಂಡಿತು. ಯಾರೋ ಬೂದಿ ಮೆತ್ತಿದ ಕೊಡವನ್ನು ಹಾಗೇ ಅದ್ದಿದ್ದರು. ಮುದುಕಮ್ಮ ಅವರ ಮೂರು ತಲೆಮಾರನ್ನು ಎತ್ತಿ ಆಡುತ್ತಿದ್ದಳು. ವಿರೇಶ ಹಫೀಜನ ಬಳಿ ಸರಿದು ತಲೆ ಕೆರೆದುಕೊಂಡ.

“ಭಾಯಿ, ಕೊಡ ಅದ್ದಿ ನೀರು ಹೊಲಸಾಗಾಕತ್ತೈತಿ ಅಂತ ಮಂದಿ ನನಗ ಬೈಯಾಕತ್ತಾರ. ಏನ ಮಾಡೂಣು?”

ಬೆಳಿಗ್ಗೆಯಿಂದ ತುಂಬಿದ್ದೆಲ್ಲ ಒಮ್ಮೆಲೇ ಹೊರಬಿತ್ತು. “ನನ್ನ ಕೇಳ್ತೀಯಾ? ನಾಕು ನಳ ಹಚ್ಚು! ಮ್ಯಾಲೊಂದು ಬೋರ್ಡ್ ಬರಸು! ಇದು ನನ್ನ ದೋಣಿ ಅಲ್ಲಪಾ, ನಿಮ್ಮಪ್ಪನ ಟ್ಯಾಂಕು! ಏನ ಬೇಕಾದ್ದು ಮಾಡ್ಕೊಳ್ರಿ, ನನ್ನ ಮಾರಿ ನೋಡಬ್ಯಾಡ್ರಿ!”

ವಿರೇಶ ಆಯಿತೆಂದು ತಲೆ ಆಡಿಸಿದ. ಬೈಸಿಕೊಳ್ಳುವುದು ಅವನಿಗೆ ನೌಕರಿಯ ಒಂದು ಭಾಗವೇ ಆಗಿತ್ತು. ಅಷ್ಟು ಕೂಗಿದ ಮೇಲೆ ಹಫೀಜನಿಗೂ ಸ್ವಲ್ಪ ಹಗುರವೆನಿಸಿತು. ಜಗಲಿಯ ಮೇಲೆ ಆಸೀಮ್ ಬೆವರುತ್ತ ಜಾಕೆಟ್ಟಿನಲ್ಲೇ ನಿದ್ದೆ ಹೋಗಿದ್ದ. ಫಿರ್ದೋಸ್ ಏನೂ ಕೇಳದೆ ಅಪ್ಪನನ್ನು ನೋಡುತ್ತಿದ್ದಳು. ಆ ಕೇಳದ ಕಣ್ಣುಗಳನ್ನು ಎದುರಿಸಲಾಗದೆ ಹಫೀಜ್ ಫೋನ್ ತೆಗೆದ. ಐದೂವರೆ ತನಕ ಕೆರೆಯ ಹತ್ತಿರ ಇರುತ್ತೇನೆ ಎಂದ ಕರಿಬಸಪ್ಪ. ಮಾಳಿಂಗಪ್ಪ ಫೋನ್ ಎತ್ತಲಿಲ್ಲ.

“ನಿಂದ್ರು ಬೇಟಾ. ಗಾಡಿ ತಗೊಂಡ ಬರ್ತೀನಿ. ಅಷ್ಟರಾಗ ಖಾಲಿ ಆಕೈತಿ” ಎಂದು ಮಗಳ ತಲೆ ಸವರಿ ಸ್ಕೂಟರ್ ಹತ್ತಿದ.

ಬಸ್ ಸ್ಟ್ಯಾಂಡು, ಭತ್ತದ ಮಾರ್ಕೆಟ್ಟು ಎರಡನ್ನೂ ಸುತ್ತಿ, ಕೊನೆಗೆ ಅಕ್ಕಿ ಗಿರಣಿಯ ನೆರಳಿನಲ್ಲಿ ಗಾಡಿಯೊಳಗೇ ಮಲಗಿದ್ದ ಮಾಳಿಂಗಪ್ಪನನ್ನು ಎಬ್ಬಿಸಿದ. ಚಹಾ ಕುಡಿಸಿದ. ಕೈ ಮುಗಿದ. ಹಾದಿಯುದ್ದಕ್ಕೂ ದಾದೇಸಾಬನನ್ನೂ, ಪಂಪಿನ ಮೋಟಾರನ್ನೂ, ಟ್ಯಾಂಕರಿನ ಪೈಪನ್ನೂ ಒಂದೊಂದಾಗಿ ಬೈಯುತ್ತ, ಗಾಡಿಯನ್ನು ಹಿಂದೆ ಹಾಕಿಕೊಂಡು ನಾಲ್ಕು ಗಂಟೆಗೆ ಓಣಿಗೆ ಬಂದ.

ಓಣಿಯಲ್ಲಿ ಜಗಳವಿರಲಿಲ್ಲ. ಹೆಂಗಸರು ನಾಲ್ಕು ಸಾಲಾಗಿ, ನಗುನಗುತ್ತ ನಿಂತಿದ್ದರು. ಇಷ್ಟು ಶಿಸ್ತು ಎಲ್ಲಿಂದ ಬಂತು ಎಂದು ಹಫೀಜ್ ಮುಂದೆ ಹೋದ. ಮುದುಕಮ್ಮ ತುಂಬಿದ ಕೊಡವನ್ನು ಸೊಂಟಕ್ಕೆ ಏರಿಸಿ ಪಕ್ಕಕ್ಕೆ ಸರಿದಳು.

ದೋಣಿಯ ಹೊಟ್ಟೆಗೆ ಸಾಲಾಗಿ ನಾಲ್ಕು ನಳಗಳಿದ್ದವು. ಮೇಲೆ ಕೆಂಪು ಬಣ್ಣದಲ್ಲಿ ಬರೆದಿತ್ತು: ಕುಡಿಯುವ ನೀರು. ಕೈ ಅದ್ದಬಾರದು.

ಹಫೀಜನದೇ ಡ್ರಿಲ್ ಮಷಿನ್ ಹಿಡಿದುಕೊಂಡು ವಿರೇಶ ಎದ್ದು ನಿಂತ. “ಬಂದ್ರ್ಯಾ ಭಾಯಿ? ನೀವು ಎಲ್ಲಾರ ಮುಂದ ಹೇಳಿದಂಗ ಮಾಡೀನಿ. ಬೋರ್ಡ್ ಸಿಗಲಿಲ್ಲ, ಅದಕ್ಕ ದೋಣಿ ಮ್ಯಾಲೇ ಬರಸೀನಿ. ಮೂರಕ್ಕ ಪೂರಾ ಖಾಲಿ ಆಗಿತ್ತು, ಅವಾಗ ತೂತು ಹಾಕಿ, ಎರಡನೇ ಟ್ಯಾಂಕರ್ ತುಂಬಿಸೀನಿ. ಮಷಿನ್ ಭಾಬಿ ಕೊಟ್ರು.”

“ನೀವ ಹೇಳೀರಿ ಅಂದ್ರು” ಎಂದಳು ನಿಶಾತ್ ಬಾಗಿಲಿನಿಂದ. “ನಾನೂ ಕೇಳೀನಿ, ಓಣಿ ಎಲ್ಲಾ ಕೇಳೇತಿ.”

“ನಿನ್ನ ಹೊಟ್ಟಿ ತಣ್ಣಗಿರಲಿ ನನ್ನಪ್ಪಾ” ಎಂದು ಮುದುಕಮ್ಮ ಅವನ ಗದ್ದ ಮುಟ್ಟಿ ಲಟಿಕೆ ಮುರಿದಳು.

ಹಫೀಜ್ ಸಿಟ್ಟು ತೀರಿಸಿಕೊಳ್ಳಲು ಒಂದು ಮುಖ ಹುಡುಕಿದ. ಎಲ್ಲ ಮುಖಗಳೂ ಅವನನ್ನು ಹರಸುತ್ತಿದ್ದವು. ಇದಕ್ಕಿಂತ ಯಾರಾದರೂ ಕೆನ್ನೆಗೆ ಎರಡು ಬಾರಿಸಿದ್ದರೆ ವಾಸಿಯಿತ್ತು. ಆದರೂ ಗಡಿಯಾರ ನೋಡಿದ. ನಾಲ್ಕೂಕಾಲು. ನಳ ಬಂದ್ ಇದ್ದರೆ ತೂತು ಮುಚ್ಚಿದ ಹಾಗೇ ಅಲ್ಲವೆ? ನಾಲ್ಕೂ ನಳ ಬಿಟ್ಟು ನೀರಿಳಿಸಿ, ಮತ್ತೆ ಬಿಗಿದರೆ ಐದಕ್ಕೆ ತುರ್ವಿಹಾಳ!

“ನಳ ಇದ್ರೇನಾತು? ಬಿಗಿ ಕುಂತಾವ. ಇದು ಇನ್ನೂ ದೋಣೀನ ಐತಿ!” ಎಂದು ಹೆಂಡತಿಯತ್ತ ತಿರುಗಿ ಕೂಗಿದ.

ದಾದೇಸಾಬ ಹುಟ್ಟನ್ನು ಗೋಡೆಗೆ ಆನಿಸಿಟ್ಟ. ಬೆಳಗಿನ ಅದೇ ಪೇಪರನ್ನು ಮೂರನೆಯ ನಳದ ಕೆಳಗೆ ಹಾಸಿದ. ಎಲ್ಲರೂ ಬಗ್ಗಿ ನೋಡಿದರು. ಒಂದು ಗಳಿಗೆ ಏನೂ ಆಗಲಿಲ್ಲ. ಆಮೇಲೆ ಟಪ್ ಎಂದು ಒಂದು ಹನಿ ಬಿತ್ತು.

“ಫೇಲ್” ಎಂದ ದಾದೇಸಾಬ. ಅವನ ದನಿ ಓಣಿಯ ಆ ತುದಿಗೂ ಕೇಳಿಸಿತು.

ನಿಶಾತ್ ಬಂದು ಆಸೀಮನ ಜಾಕೆಟ್ಟಿನ ಬಕಲ್ಲು ಬಿಚ್ಚತೊಡಗಿದಳು. ಮಾಳಿಂಗಪ್ಪ ಗಾಡಿಯಿಂದಿಳಿದು ತನ್ನ ಬಾಟಲಿಯನ್ನು ಎರಡನೆಯ ನಳಕ್ಕೆ ಹಿಡಿದ. ಆಸೀಮ್ ಬಾಯಿ ದೊಡ್ಡದು ಮಾಡಿ ಅಳಲು ಶುರುಮಾಡಿದ. ಫಿರ್ದೋಸ್ ತಮ್ಮನ ಹೆಗಲ ಮೇಲೆ ಕೈ ಹಾಕಿದಳು.

“ಅಳಬ್ಯಾಡೋ ಆಸೀಮ್. ಈ ಸಲ ಅಬ್ಬಾ ಹೇಳಿದ್ದು ಆತು ನೋಡು. ನಾಕು ನಳ ಅಂದಿದ್ರು. ಎಣಸು, ನಾಕೂ ಅದಾವ.”