ಅಜ್ಜಿಗೆ ಹತ್ತಕ್ಕೆ ಹತ್ತು

ನನ್ನ ಅಕ್ಕನ ಗಂಡನಷ್ಟು ತಪ್ಪುಗಳನ್ನು ಪ್ರೀತಿಸುವ ಪ್ರಾಣಿ ಉಡುಪಿಯಲ್ಲಿ ಇನ್ನೊಂದಿಲ್ಲ! ಸ್ವಂತದ್ದು, ಪರರದ್ದು ಎಂಬ ಭೇದವೂ ಅವರಿಗಿಲ್ಲ. ಬಂಗುಡೆ ಮೀನಿನ ಸಾರಿಗೆ ಉಪ್ಪು ಹೆಚ್ಚಾದರೆ ಉಳಿದ ಗಂಡಸರು ಮುಖ ಸಿಂಡರಿಸುತ್ತಾರೆ, ನಮ್ಮ ಭಾವ ಕಣ್ಣರಳಿಸಿ, "ಉಪ್ಪು ಹಾಕುವಾಗ ನೀನು ಎಂತ ಯೋಚಿಸುತ್ತಿದ್ದೆ?" ಎಂದು ಕೇಳುತ್ತಾರೆ.

"ಊಟದ ಹೊತ್ತಿಗಾದರೂ ನೀವು ಸುಮ್ಮನಿರಬಹುದಾ ಅಂತ," ಎಂದಳು ಅಕ್ಕ ಒಮ್ಮೆ.

ಮಣಿಪಾಲದ ಒಂದು ಕಾಲೇಜಿನಲ್ಲಿ ಎಂಬಿಎ ಮಕ್ಕಳಿಗೆ ಅವರು ಕಲಿಸುತ್ತಿದ್ದದ್ದೂ ಇದನ್ನೇ: ತಾನು ಮಾಡಿದ್ದನ್ನು ತಾನೇ ತಿರುಗಿ ನೋಡಿ ಪ್ರಶ್ನಿಸುವುದು. ನಾಳೆ ನೂರಾರು ಜನರ ಕೆಲಸ ಇವರ ಕೈಯಲ್ಲಿರುತ್ತದೆ, ಆಗ 'ನಾನು ತಪ್ಪಿದೆ' ಎನ್ನಲು ಬಾರದಿದ್ದರೆ ಹೇಗೆ ಎಂಬುದು ಭಾವನ ಚಿಂತೆ. ಮೊದಲ ವರ್ಷ ಎಲ್ಲರನ್ನೂ ಕಾಪು ಕಡಲತೀರಕ್ಕೆ ಕರೆದೊಯ್ದು, ಮೊಬೈಲ್ ಕಿತ್ತಿಟ್ಟು, 'ನಾನು ಎಲ್ಲಿ ತಪ್ಪಿದೆ?' ಎಂದು ಒಂದು ಪುಟ ಬರೆಯಲು ಹೇಳಿದರು. ಬಂದದ್ದೆಲ್ಲ ಖಾಲಿ ಹಾಳೆ. ಒಬ್ಬ ಮಾತ್ರ ಅಲ್ಲಿನ ದೀಪಸ್ತಂಭದಿಂದ ಮಾಡಬಹುದಾದ ವ್ಯಾಪಾರಗಳನ್ನು ಪಟ್ಟಿ ಮಾಡಿದ್ದ!

"ಹತ್ತು ಮಾರ್ಕ್ ಇಡಿ ಭಾವ, ತಾವಾಗಿಯೇ ಬರೆಯುತ್ತಾರೆ," ಎಂದೆ ನಾನು. ಇಟ್ಟರು. ಮಕ್ಕಳು ಬರೆದರು ನೋಡಿ! "ತಪ್ಪು ದೊಡ್ಡದಾದರೆ ಮಾರ್ಕ್ ಜಾಸ್ತಿ ಉಂಟಾ ಸರ್?" ಎಂಬ ಪ್ರಶ್ನೆಯೂ ಬಂತು. ಕಾರ್ಕಳದ ಹುಡುಗನೊಬ್ಬ, ಅಜ್ಜಿ ಸಾಯುವಾಗ ತಾನು ಇಂಟರ್‌ವ್ಯೂಗೆ ಹೋದದ್ದೇ ತಪ್ಪು ಎಂದು ಬರೆದ. ಭಾವ ಅತ್ತು, ಹತ್ತಕ್ಕೆ ಹತ್ತು ಕೊಟ್ಟು, ಆದಿತ್ಯವಾರ ನನ್ನನ್ನೂ ಎಳೆದುಕೊಂಡು ಆ ಮನೆಗೆ ಸಮಾಧಾನ ಹೇಳಲು ಹೋದರು. ಬಾಗಿಲು ತೆರೆದ ಮುದುಕಿಯ ಹತ್ತಿರ, "ಅಜ್ಜಿ ತೀರಿಕೊಂಡರಂತೆ, ಕೇಳಿ ಬೇಸರವಾಯಿತು," ಎಂದರು.

"ಯಾವ ಅಜ್ಜಿ? ನನ್ನ ಪುಳ್ಳಿಗೆ ಇರುವುದು ನಾನೊಬ್ಬಳೇ ಅಜ್ಜಿ ಮಾರಾಯ್ರೆ!"

ಆ ಅಜ್ಜಿಯೇ ಕೊಟ್ಟ ಎಳನೀರು ಕುಡಿದು ಹಿಂದಿರುಗಿದೆವು. ದಾರಿಯುದ್ದಕ್ಕೂ ನಾನು ನಕ್ಕೆ, ಭಾವ ನಗಲಿಲ್ಲ. ಅಜ್ಜಿ ಸತ್ತರೆ ಹತ್ತು ಮಾರ್ಕ್ ಎಂಬ ಸುದ್ದಿ ಹರಡಿ, ಮುಂದಿನ ಬ್ಯಾಚಿನಲ್ಲಿ ಹನ್ನೊಂದು ಅಜ್ಜಿಯಂದಿರು ತೀರಿಕೊಂಡರು.

ಈ ವರ್ಷ ಕಾಲೇಜು ಆ ಪಾಠವನ್ನೇ ನಿಲ್ಲಿಸಿತು. "ಒಬ್ಬನಾದರೂ ಕಲಿಯಲಿಲ್ಲ ಮಾರಾಯ," ಎಂದ ಭಾವ ಮತ್ತೆ ಮಾತಾಡಲಿಲ್ಲ. ಹೆದರಿದ ಅಕ್ಕ ಬೇಕೆಂದೇ ಸಾರಿಗೆ ಎರಡು ಹಿಡಿ ಉಪ್ಪು ಸುರಿದಳು. ಅದನ್ನೂ ಸುಮ್ಮನೆ ಉಂಡು ಎದ್ದರು!

ಕಾಲೇಜಿನ ಅವರ ಕೊಠಡಿ ಖಾಲಿ ಮಾಡಲು ನಾನೂ ಜೊತೆಗೆ ಹೋಗಿದ್ದೆ. ಮಕ್ಕಳ ಹಾಳೆಗಳ ರಾಶಿಯಲ್ಲಿ ಭಾವನ ಅಕ್ಷರದ ಒಂದು ಪುಟ ಸಿಕ್ಕಿತು: 'ನಾನು ಎಲ್ಲಿ ತಪ್ಪಿದೆ? ತಪ್ಪಿಗೆ ಮಾರ್ಕ್ ಇಟ್ಟಲ್ಲಿ. ಮಕ್ಕಳಿಗೆ ಸುಳ್ಳು ಕಲಿಸಿದವನು ನಾನು.'

ಆ ಸಲಹೆ ಯಾರದೆಂದು ಅವರು ಬರೆದಿರಲಿಲ್ಲ. ನನಗೆ ನಾಚಿಕೆಯಾಯಿತು. ಮೇಜಿನ ಪೆನ್ನು ತೆಗೆದುಕೊಂಡು ಕೆಳಗೆ ಬರೆದೆ: 'ಹಾಗೆ ಮಾಡಲು ಹೇಳಿದವನು ನಾನು, ಭಾವ. ಮಾರ್ಕ್ ಬೇಡ.'

ಭಾವ ಕನ್ನಡಕ ಏರಿಸಿ ಅದನ್ನು ಎರಡು ಸಲ ಓದಿದರು. ಆಮೇಲೆ ಕುರ್ಚಿ ಎಳೆದು ನನ್ನೆದುರು ಕುಳಿತು, ಮೆಲ್ಲಗೆ ಕೇಳಿದರು:

"ಹೇಳುವಾಗ ನೀನು ಎಂತ ಯೋಚಿಸುತ್ತಿದ್ದೆ?"